15,000 ರೂಪಾಯಿ, ಮೂರು ಆಸೆ, ಎರಡು ಲೆನ್ಸ್

ಕಳೆದ ವರ್ಷ ಮೇ ಕೊನೆಯ ವಾರ. ಮುಂಗಾರು ಇನ್ನೂ ಶುರುವಾಗಿರಲಿಲ್ಲ. ಮಂಡಗದ್ದೆ ಕಡೆಯಿಂದ ಭಾವ ಫೋನ್ ಮಾಡಿದರು.

"70-300 ಲೆನ್ಸ್ ಒಂದು ಸಿಗ್ತಾ ಇದೆ ಕಣೋ. ಹೊಸದು, ಎಂಟು ಸಾವಿರ ಅಂತೆ. ತಗೊಂಡ್ಬಿಡ್ಲಾ?"

"ಅದ್ರಲ್ಲಿ ಸ್ಟೆಬಿಲೈಸೇಶನ್ ಇದೆಯಾ ಭಾವ?"

"ಹಂಗಂದ್ರೆ?"

"ದುಡ್ಡು ಕೊಡ್ಬೇಡಿ. ಭಾನುವಾರ ನಾನೇ ಬರ್ತೀನಿ."

ಆ ಭಾನುವಾರದಿಂದ ಹಿಡಿದು ಒಂದು ಮಳೆಗಾಲ, ಒಂದು ಚಳಿಗಾಲ ಕಳೆಯುವವರೆಗೆ ಏನೇನಾಯ್ತು ಅನ್ನೋದನ್ನು ಪೂರ್ತಿ ಬರೆದಿಡುತ್ತಿದ್ದೇನೆ. ಕಾರಣ ಇಷ್ಟೇ. ಲೆನ್ಸ್ ಮೇಲಿನ ದೊಡ್ಡ ನಂಬರ್ ನೋಡಿ ದುಡ್ಡು ಕೊಟ್ಟು, ಆರು ತಿಂಗಳಲ್ಲಿ ಅದನ್ನು ಕಪಾಟಿಗೆ ಸೇರಿಸಿದ ಗೆಳೆಯರನ್ನು ಶಿವಮೊಗ್ಗದಲ್ಲಿ ತುಂಬಾ ನೋಡಿದ್ದೇನೆ. ಬಯಲುಸೀಮೆಯ ಬಿಸಿಲಲ್ಲಿ ಹೇಗೋ ನಡೆಯುವ ಲೆನ್ಸ್ ನಮ್ಮಲ್ಲಿ ನಡೆಯೋದಿಲ್ಲ. ಇಲ್ಲಿ ಬೆಳಕು ಕಡಿಮೆ, ತೇವ ಜಾಸ್ತಿ. ಮಲೆನಾಡಿನಲ್ಲಿ ಕಡಿಮೆ ದುಡ್ಡಿಗೆ ಲೆನ್ಸ್ ಹುಡುಕುವವರು ಮೊದಲು ಈ ಎರಡನ್ನು ನೋಡಬೇಕು, ಝೂಮ್ ಆಮೇಲೆ.

ಭಾವನದ್ದು ಅಡಿಕೆ ತೋಟ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆಯಲ್ಲಿ ಮಂಡಗದ್ದೆ ದಾಟಿದ ಮೇಲೆ ಅವರ ಊರು. ಅವರ ತಮ್ಮ ಕೆಲಸಕ್ಕೆ ಬೆಂಗಳೂರಿಗೆ ಹೋಗುವಾಗ ಒಂದು ಕ್ಯಾನನ್ 1300ಡಿ ಕ್ಯಾಮೆರಾವನ್ನು ಮನೆಯಲ್ಲೇ ಬಿಟ್ಟು ಹೋಗಿದ್ದ. ಅದರ ಜೊತೆಗೆ ಬರುವ 18-55 ಕಿಟ್ ಲೆನ್ಸ್ ಇತ್ತು. ಒಂದು ವರ್ಷ ಭಾವ ಅದನ್ನೇ ಬಳಸಿ ಕೈ ಪಳಗಿಸಿಕೊಂಡಿದ್ದರು. ಈಗ ಅವರ ಮನಸ್ಸಿನಲ್ಲಿ ಮೂರು ಆಸೆ ಇದ್ದವು. ಮಂಡಗದ್ದೆಯ ನಡುಗಡ್ಡೆಯಲ್ಲಿ ಗೂಡು ಕಟ್ಟುವ ಹಕ್ಕಿಗಳು. ರಾತ್ರಿ ಆಟ, ಅಂದರೆ ಯಕ್ಷಗಾನ. ಮೂರನೆಯದು, ಮಳೆ ಬಿದ್ದ ಕೂಡಲೇ ಅವರ ತೋಟದ ಕೆರೆ ಪಕ್ಕ ಬರುವ ಹಸಿರು ಹಾರುವ ಕಪ್ಪೆ. ಕೈಯಲ್ಲಿ ಇದ್ದದ್ದು 15,000 ರೂಪಾಯಿ. ಅಕ್ಕ ಅಡುಗೆಮನೆಯಿಂದಲೇ ಹೇಳಿದಳು: "ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಇಲ್ಲ ನೋಡು."

ಲೆನ್ಸ್ ಮಾತು ಬಿಟ್ಟು ಮೊದಲು ಹಳೆಯ ಫೋಟೋಗಳನ್ನು ಕಂಪ್ಯೂಟರ್‌ಗೆ ಹಾಕಿಸಿದೆ. ಪ್ರತಿ ಫೋಟೋದ ಒಳಗೂ ಅದನ್ನು ತೆಗೆದಾಗಿನ ಫೋಕಲ್ ಲೆಂತ್ (ಎಂಎಂ ಲೆಕ್ಕ, ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ), ಅಪರ್ಚರ್ (ಬೆಳಕು ಬಿಡುವ ಕಂಡಿ, ಎಫ್ ನಂಬರ್ ಚಿಕ್ಕದಾದಷ್ಟೂ ಬೆಳಕು ಜಾಸ್ತಿ), ಶಟರ್ ಸ್ಪೀಡ್ (ಎಷ್ಟು ಹೊತ್ತು ಬೆಳಕು ಬಿಡುತ್ತದೆ), ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸುತ್ತದೆ) ದಾಖಲಾಗಿರುತ್ತದೆ. ಪ್ರಾಪರ್ಟೀಸ್ ತೆರೆದರೆ ಎಲ್ಲವೂ ಕಾಣುತ್ತದೆ. ಒಂದು ಗಂಟೆ ಕೂತು ನೋಡಿದೆವು. ಹಕ್ಕಿ ಫೋಟೋ ಅಷ್ಟೂ 55 ಎಂಎಂನಲ್ಲಿ ಇದ್ದವು. ಎಷ್ಟು ಝೂಮ್ ಆಗುತ್ತದೋ ಅಷ್ಟೂ ಎಳೆದಿದ್ದಾರೆ, ಆದರೂ ಹಕ್ಕಿ ಬಿಳಿ ಚುಕ್ಕೆ. ಆಟದ ಫೋಟೋಗಳಲ್ಲಿ ಎಫ್/5.6, ಐಎಸ್‌ಒ 1600, ಶಟರ್ ಸ್ಪೀಡ್ 1/15 ಸೆಕೆಂಡ್. ಕುಣಿಯುವ ವೇಷ 1/15ರಲ್ಲಿ ನಿಲ್ಲುತ್ತದಾ? ಕಿರೀಟ ಒಂದು ಬಣ್ಣದ ಗೀಟು, ಮುಖ ಇನ್ನೊಂದು ಗೀಟು. ಇನ್ನು ತೋಟ, ಅಂಗಳ, ಕುಂದಾದ್ರಿ ಬೆಟ್ಟದ ಮೇಲಿಂದ ತೆಗೆದ ಕಣಿವೆ, ಇವೆಲ್ಲ 18ರಿಂದ 24 ಎಂಎಂ ಒಳಗೆ ಇದ್ದವು. ಚೆನ್ನಾಗಿಯೇ ಬಂದಿದ್ದವು. ಕಿಟ್ ಲೆನ್ಸನ್ನು ಸುಮ್ನೆ ಬೈಯುವವರು ಜಾಸ್ತಿ. ಹಗಲು ಬೆಳಕಲ್ಲಿ ಎಫ್/8 ಇಟ್ಟು ತೆಗೆದರೆ ಅದು ಕೊಡುವ ಚಿತ್ರಕ್ಕೆ ಯಾವ ಕೊರತೆಯೂ ಇಲ್ಲ. ಅಗಲದ ನೋಟಕ್ಕೆ ಹೊಸ ಲೆನ್ಸ್ ಬೇಡ ಅನ್ನೋದು ಅಲ್ಲೇ ತೀರ್ಮಾನವಾಯಿತು.

ಆಮೇಲೆ ಹಕ್ಕಿಯ ಲೆಕ್ಕ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ದುಡ್ಡು ಹಾಳಾಗುವುದು ಇಲ್ಲೇ. 1300ಡಿಯ ಸೆನ್ಸರ್, ಅಂದರೆ ಒಳಗೆ ಚಿತ್ರ ಮೂಡುವ ಫಲಕ, 22.3 ಎಂಎಂ ಅಗಲ. ಮಂಡಗದ್ದೆಯಲ್ಲಿ ದಡದ ವೀಕ್ಷಣಾ ಗೋಪುರದಿಂದ ಭಾವ ಗುರಿ ಇಟ್ಟಿದ್ದ ಮರ 60 ಮೀಟರ್ ದೂರ ಇರಬಹುದು ಅಂತ ಅಂದಾಜು ಮಾಡಿಕೊಂಡೆವು. ದೂರವನ್ನು 22.3ರಿಂದ ಗುಣಿಸಿ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಚೌಕಟ್ಟಿನಲ್ಲಿ ಎಷ್ಟು ಮೀಟರ್ ಅಗಲ ಹಿಡಿಯುತ್ತದೆ ಅಂತ ಸಿಗುತ್ತದೆ. 55 ಎಂಎಂಗೆ 24 ಮೀಟರ್. ಎರಡಡಿ ಉದ್ದದ ಬೆಳ್ಳಕ್ಕಿ ಅಷ್ಟು ಅಗಲದಲ್ಲಿ ನಲವತ್ತರಲ್ಲಿ ಒಂದು ಪಾಲು ಮಾತ್ರ. 250 ಎಂಎಂಗೆ ಸುಮಾರು ಐದೂಕಾಲು ಮೀಟರ್, ಹಕ್ಕಿ ಒಂಬತ್ತರಲ್ಲಿ ಒಂದು ಪಾಲು. 300 ಎಂಎಂಗೆ ನಾಲ್ಕೂವರೆ ಮೀಟರ್, ಹಕ್ಕಿ ಏಳೂವರೆಯಲ್ಲಿ ಒಂದು ಪಾಲು.

250ಕ್ಕೂ 300ಕ್ಕೂ ಇರುವ ಅಂತರ ಅಷ್ಟೇ. ವ್ಯತ್ಯಾಸ ಎದ್ದು ಕಾಣುವಷ್ಟು ಹಕ್ಕಿ ದೊಡ್ಡದಾಗಬೇಕು ಅಂದರೆ 500, 600 ಬೇಕು. 150-600 ಲೆನ್ಸ್‌ಗಳು ಹತ್ತಿರ ಹತ್ತಿರ ಎರಡು ಕಿಲೋ ತೂಗುತ್ತವೆ, ಬೆಲೆ ನಮ್ಮ ಕೈಗೆ ಎಟುಕದ್ದು.

ಲೆಕ್ಕ ಕೇಳಿ ಭಾವನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಅದಕ್ಕೆ ಅವರದೇ ಫೋಟೋ ತೆಗೆದು ತೋರಿಸಿದೆ. 55 ಎಂಎಂನಲ್ಲಿ ತೆಗೆದ ಚಿತ್ರ 5184 ಪಿಕ್ಸೆಲ್ ಅಗಲ ಇರುತ್ತದೆ. ಅದರ ನಡುವಿನಿಂದ 1140 ಪಿಕ್ಸೆಲ್ ಅಗಲ ಕತ್ತರಿಸಿದರೆ 250 ಎಂಎಂ ಲೆನ್ಸ್ ಹಿಡಿಯುವ ಚೌಕಟ್ಟು. 950 ಕತ್ತರಿಸಿದರೆ 300. ಚಿತ್ರ ಒಡೆದಂತೆ ಕಾಣುತ್ತದೆ ನಿಜ, ಆದರೆ ಹಕ್ಕಿ ಎಷ್ಟು ದೊಡ್ಡದಾಗಿ ಬರುತ್ತದೆ ಅನ್ನೋದು ದುಡ್ಡು ಕೊಡುವ ಮೊದಲೇ ಗೊತ್ತಾಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಭಾವ ಸುಮಾರು ಹೊತ್ತು ನೋಡಿದರು. "ಎರಡೂ ಒಂದೇ ಅಲ್ವಾ ಮಾರಾಯ" ಅಂದರು.

ಹಾಗಾದರೆ 70-300ರಲ್ಲಿ ತೊಂದರೆ ಏನು? ಅದರಲ್ಲಿ ಸ್ಟೆಬಿಲೈಸೇಶನ್, ಅಂದರೆ ಕೈ ನಡುಕವನ್ನು ಸರಿದೂಗಿಸುವ ವ್ಯವಸ್ಥೆ, ಇರಲಿಲ್ಲ. ಕೈಯಲ್ಲಿ ಹಿಡಿದು ತೆಗೆಯುವಾಗ ಫೋಕಲ್ ಲೆಂತ್ ಹೆಚ್ಚಾದಷ್ಟೂ ಕೈ ನಡುಕ ಎದ್ದು ಕಾಣುತ್ತದೆ. ಈ ಕ್ಯಾಮೆರಾದಲ್ಲಿ ಫೋಕಲ್ ಲೆಂತನ್ನು 1.6ರಿಂದ ಗುಣಿಸಿ, ಶಟರ್ ಸ್ಪೀಡ್ ಅದಕ್ಕಿಂತ ಕಡಿಮೆ ಆಗದಂತೆ ನೋಡಿಕೊಳ್ಳುವುದು ರೂಢಿ. 300 ಎಂಎಂಗೆ ಅದು 1/480 ಆಗುತ್ತದೆ. ಜುಲೈ ತಿಂಗಳ ಮಂಡಗದ್ದೆಯನ್ನು ನೆನೆಸಿಕೊಳ್ಳಿ. ಮೋಡ ಮುಚ್ಚಿದೆ, ತುಂಗೆ ಕೆಂಪಗೆ ತುಂಬಿ ಹರಿಯುತ್ತಿದೆ, ಹಕ್ಕಿ ಕೂತಿರುವುದು ದಟ್ಟ ಎಲೆಗಳ ನಡುವೆ. ಎಫ್/5.6ರಲ್ಲಿ 1/500 ಬೇಕು ಅಂದರೆ ಐಎಸ್‌ಒ ಏರಿಸುತ್ತಾ ಹೋಗಬೇಕು, ಈ ಕ್ಯಾಮೆರಾದಲ್ಲಿ 1600 ದಾಟಿದ ಮೇಲೆ ಕಾಳು ಕಾಳು. ಸ್ಟೆಬಿಲೈಸೇಶನ್ ಇದ್ದರೆ ಕೂತ ಹಕ್ಕಿಯನ್ನು 1/100ರಲ್ಲೂ ಧೈರ್ಯವಾಗಿ ತೆಗೆಯಬಹುದು. ಹಾರುವ ಹಕ್ಕಿಗೆ ಮಾತ್ರ ಅದರಿಂದ ಏನೂ ಸಹಾಯವಿಲ್ಲ. ಅದು ನಿಲ್ಲಿಸುವುದು ನಮ್ಮ ಕೈಯ ಅಲುಗಾಟವನ್ನು, ಹಕ್ಕಿಯ ರೆಕ್ಕೆಯನ್ನಲ್ಲ.

ಹಾಗಾಗಿ ಹಕ್ಕಿಗೆ ನಾನು ಹೇಳಿದ್ದು ಕ್ಯಾನನ್ 55-250 ಐಎಸ್ ಎಸ್‌ಟಿಎಂ. ಐಎಸ್ ಅಂದರೆ ಸ್ಟೆಬಿಲೈಸೇಶನ್, ಎಸ್‌ಟಿಎಂ ಅಂದರೆ ಒಂದು ಬಗೆಯ ಫೋಕಸ್ ಮೋಟಾರ್. 2013ರಲ್ಲಿ ಬಂದ ಲೆನ್ಸ್. ತೂಕ 375 ಗ್ರಾಂ. ತೋಟದಲ್ಲಿ ಕುತ್ತಿಗೆಗೆ ಹಾಕಿಕೊಂಡು ಓಡಾಡಿದರೂ ಭಾರ ಅನ್ನಿಸೋದಿಲ್ಲ. ಇದೇ 55-250ರ ಹಳೆಯ ಐಎಸ್, ಐಎಸ್ 2 ಮಾದರಿಗಳೂ ಸೆಕೆಂಡ್ ಹ್ಯಾಂಡ್‌ನಲ್ಲಿ ಓಡಾಡುತ್ತಿವೆ. ಹೆಸರಿನ ಕೊನೆಯಲ್ಲಿ ಎಸ್‌ಟಿಎಂ ಅಂತ ಇರುವುದನ್ನೇ ಕೇಳಿ ತಗೊಳ್ಳಿ. ಹಳೆಯವು 1.1 ಮೀಟರ್‌ಗಿಂತ ಹತ್ತಿರ ಫೋಕಸ್ ಮಾಡುವುದಿಲ್ಲ. ಎಸ್‌ಟಿಎಂ 85 ಸೆಂಟಿಮೀಟರ್‌ವರೆಗೆ ಮಾಡುತ್ತದೆ.

ಇಷ್ಟು ಹತ್ತಿರ ಫೋಕಸ್ ಆಗುವುದರಿಂದ ಇದೇ ಲೆನ್ಸ್ ಕಪ್ಪೆಯ ಆಸೆಯನ್ನೂ ಪುಕ್ಕಟೆಯಾಗಿ ತೀರಿಸಿತು. ಭಾವ ಕಪ್ಪೆಗೆ ಬೇರೆ ಮ್ಯಾಕ್ರೋ ಲೆನ್ಸ್, ಅಂದರೆ ಸಣ್ಣ ವಸ್ತುಗಳನ್ನು ದೊಡ್ಡದಾಗಿ ತೆಗೆಯುವ ಲೆನ್ಸ್, ಬೇಕು ಅಂತಲೇ ನಂಬಿದ್ದರು. 55-250 ಎಸ್‌ಟಿಎಂನ ಗರಿಷ್ಠ ಮ್ಯಾಗ್ನಿಫಿಕೇಶನ್ 0.29, ಅಂದರೆ ಸೆನ್ಸರ್ ಮೇಲೆ ವಸ್ತು ನಿಜ ಗಾತ್ರದ 0.29ರಷ್ಟು ಬೀಳುತ್ತದೆ. ಸೆನ್ಸರ್ ಅಗಲವನ್ನು ಅದರಿಂದ ಭಾಗಿಸಿದರೆ ಏಳೂಮುಕ್ಕಾಲು ಸೆಂಟಿಮೀಟರ್ ಸಿಗುತ್ತದೆ. ಅಂದರೆ ಅಷ್ಟು ಅಗಲದ ವಸ್ತು ಚೌಕಟ್ಟನ್ನು ಪೂರ್ತಿ ತುಂಬುತ್ತದೆ. ನಮ್ಮ ಹಸಿರು ಹಾರುವ ಕಪ್ಪೆ ಕಾಲು ಮಡಚಿ ಕೂತರೂ ಆರೇಳು ಸೆಂಟಿಮೀಟರ್ ಬರುತ್ತದೆ. ಜೇಡಕ್ಕೋ ಇರುವೆಗೋ ಮ್ಯಾಕ್ರೋ ಬೇಕು. ಈ ಕಪ್ಪೆಗೆ ಬೇಡ. ಜೊತೆಗೆ ಅಷ್ಟು ದೂರ ನಿಂತು ತೆಗೆಯುವುದರಿಂದ ಕಪ್ಪೆಗೂ ಕಿರಿಕಿರಿ ಇಲ್ಲ. ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ಅದು ನೊರೆಯ ಗೂಡು ಕಟ್ಟಿ ಮೊಟ್ಟೆ ಇಡುವ ಹೊತ್ತು ಅದು. ಫೋಟೋಗೋಸ್ಕರ ಎಲೆ ಬಗ್ಗಿಸುವುದು, ಗೂಡು ಮುಟ್ಟುವುದು ಬೇಡವೇ ಬೇಡ ಅಂತ ಭಾವನಿಗೆ ಕಟ್ಟುನಿಟ್ಟಾಗಿ ಹೇಳಿದೆ.

ಇನ್ನು ಆಟ. ಅಲ್ಲಿ ಝೂಮ್ ಉಪಯೋಗಕ್ಕೆ ಬರುವುದಿಲ್ಲ, ಬೇಕಾದ್ದು ಬೆಳಕು. ಎಫ್/5.6ಕ್ಕೆ ಹೋಲಿಸಿದರೆ ಎಫ್/1.8 ಒಳಗೆ ಬಿಡುವ ಬೆಳಕು ಹತ್ತಿರ ಹತ್ತಿರ ಹತ್ತು ಪಟ್ಟು. ಅದೇ ರಂಗಸ್ಥಳ, ಅದೇ ಐಎಸ್‌ಒ 1600, ಆದರೆ 1/15 ಇದ್ದದ್ದು 1/145 ಆಗುತ್ತದೆ. ಇದಕ್ಕೆ ಸಿಗುವ ಅಗ್ಗದ ಲೆನ್ಸ್ ಕ್ಯಾನನ್ 50 ಎಂಎಂ ಎಫ್/1.8 ಎಸ್‌ಟಿಎಂ. 2015ರಲ್ಲಿ ಬಂದದ್ದು, ತೂಕ ಬರೀ 160 ಗ್ರಾಂ. ಝೂಮ್ ಇಲ್ಲ, ಕಾಲೇ ಝೂಮ್. ಭಾವ ಕೂರುವುದು ಯಾವಾಗಲೂ ಮುಂದಿನ ಸಾಲಿನಲ್ಲಿ, ವೇಷದಿಂದ ಸುಮಾರು ಆರು ಮೀಟರ್ ದೂರ. ಅಲ್ಲಿಂದ ಕ್ಯಾಮೆರಾವನ್ನು ಲಂಬವಾಗಿ ತಿರುಗಿಸಿ ಹಿಡಿದರೆ 2.7 ಮೀಟರ್ ಎತ್ತರ ಸಿಗುತ್ತದೆ. ಕಿರೀಟ ಹೊತ್ತ ವೇಷಧಾರಿ ಅಡಿಯಿಂದ ಮುಡಿಯವರೆಗೆ ಹಿಡಿಯುತ್ತಾನೆ. ಭಾಗವತರು, ಮದ್ದಳೆ, ಚೆಂಡೆ ಎಲ್ಲ ಸೇರಿಸಿ ಬೇಕು ಅಂದರೆ ಹಿಂದೆ ಹೋಗಬೇಕು ಅಥವಾ ಕಿಟ್ ಲೆನ್ಸ್ ಹಾಕಬೇಕು.

"18-300 ಅಂತ ಒಂದೇ ಲೆನ್ಸ್ ಬರ್ತದಲ್ಲ, ಅದೇ ಆಗಲ್ವಾ?" ಅಂತ ಭಾವ ಕೇಳಿದ್ದರು. ಅದು ಪ್ರಯಾಣಕ್ಕೆ ಅನುಕೂಲ. ಆದರೆ ಪೂರ್ತಿ ಎಳೆದಾಗ ಅದರ ಅಪರ್ಚರ್ ಎಫ್/5.6, ಎಫ್/6.3ಕ್ಕೆ ಇಳಿಯುತ್ತದೆ. ಆಟದ ಕತ್ತಲೆ ಹಾಗೇ ಉಳಿಯುತ್ತದೆ, ಬೆಲೆಯೂ ಬಜೆಟ್ ಮೀರುತ್ತದೆ.

ಎರಡನ್ನೂ ಹೊಸದು ಕೊಂಡರೆ 15,000ದಲ್ಲಿ ಆಗುತ್ತಿರಲಿಲ್ಲ. ಸೆಕೆಂಡ್ ಹ್ಯಾಂಡ್ ಹುಡುಕಿದೆವು. ಈಗ ಅದಕ್ಕೆ ಒಳ್ಳೆಯ ಕಾಲ. ಕ್ಯಾನನ್ 2018ರಲ್ಲಿ ಆರ್‌ಎಫ್ ಅನ್ನುವ ಹೊಸ ಮೌಂಟ್‌ನ (ಲೆನ್ಸ್ ಕೂರಿಸುವ ಬಾಯಿ) ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ, ಕ್ಯಾಮೆರಾ ತಂದ ಮೇಲೆ ಅದಕ್ಕೆ ಬದಲಾಯಿಸಿಕೊಂಡವರು ಹಳೆಯ ಲೆನ್ಸ್‌ಗಳನ್ನು ಮಾರುತ್ತಿದ್ದಾರೆ. ಮುಂದೆ ಭಾವನೇ ಮಿರರ್‌ಲೆಸ್ ಕೊಂಡರೂ ಅಡಾಪ್ಟರ್ ಹಾಕಿ ಈ ಲೆನ್ಸ್‌ಗಳನ್ನು ಬಳಸಬಹುದು. ನಿಕಾನ್ ಇರುವವರಿಗೆ ಇಲ್ಲೊಂದು ಮಾತು: ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಅಗ್ಗ ಅಂತ 50 ಎಂಎಂ ಎಫ್/1.8ಡಿ ಕೊಂಡರೆ ಆಟೋಫೋಕಸ್ ಆಗುವುದಿಲ್ಲ. ಎಎಫ್-ಎಸ್ ಅಂತ ಬರೆದಿರುವ 35 ಅಥವಾ 50 ನೋಡಿ. ಎಎಫ್-ಪಿ ಲೆನ್ಸ್‌ಗಳು ಹಳೆಯ ಕೆಲವು ಬಾಡಿಗಳಲ್ಲಿ ಕೆಲಸವನ್ನೇ ಮಾಡುವುದಿಲ್ಲ, ಕೇಳಿಯೇ ಕೊಳ್ಳಿ.

ಮೊದಲು ಸಿಕ್ಕ 55-250 ನೋಡಲು ಹೊಸದರಂತೆ ಇತ್ತು. ಮಾರುವವರು ಒಳ್ಳೆಯ ಬ್ಯಾಗ್ ಕೂಡ ಕೊಡುತ್ತೇನೆ ಅಂದರು. ಎರಡೂ ಕಡೆಯ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿದೆ. ಒಳಗಿನ ಗಾಜಿನ ಅಂಚಿನಲ್ಲಿ ಜೇಡರ ಬಲೆಯಂತೆ ಸಣ್ಣ ಎಳೆಗಳು. ಫಂಗಸ್. ನಮ್ಮ ಕಡೆ ಬೆಲ್ಟಿಗೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದಲ್ಲ, ಹಾಗೇ ಲೆನ್ಸ್‌ಗೂ ಹಿಡಿಯುತ್ತದೆ. ಬಿಟ್ಟರೆ ಗಾಜಿನ ಮೇಲಿನ ಲೇಪನವನ್ನೇ ತಿನ್ನುತ್ತದೆ, ಒರೆಸಿದರೂ ಗುರುತು ಹೋಗುವುದಿಲ್ಲ. ಬಿಚ್ಚಿ ಸ್ವಚ್ಛ ಮಾಡಿಸಲು ಕೊಡಬೇಕಾದ ದುಡ್ಡಿಗೆ ಈ ಬೆಲೆಯ ಲೆನ್ಸ್ ಯೋಗ್ಯವಲ್ಲ. ಬೇಡ ಅಂತ ಹೇಳಿ ಎದ್ದು ಬಂದೆವು. ಭಾವನಿಗೆ ಬೇಸರವಾಯಿತು. ಬರುವಾಗ ದಾರಿಯುದ್ದಕ್ಕೂ ಮಾತಾಡಲಿಲ್ಲ.

ಎರಡು ವಾರ ಬಿಟ್ಟು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಬ್ಬ ವಿದ್ಯಾರ್ಥಿಯ ಬಳಿ ಎರಡೂ ಲೆನ್ಸ್ ಸಿಕ್ಕವು. ಟಾರ್ಚ್ ಪರೀಕ್ಷೆಯಲ್ಲಿ ಒಂದೆರಡು ಧೂಳಿನ ಕಣ ಕಂಡವು, ಅದರಿಂದ ಏನೂ ಆಗುವುದಿಲ್ಲ. ನಮ್ಮದೇ ಕ್ಯಾಮೆರಾಕ್ಕೆ ಹಾಕಿ ಗೋಡೆಗೆ ಒಂದು ದಿನಪತ್ರಿಕೆ ಅಂಟಿಸಿ, 250 ಎಂಎಂ, ಎಫ್/5.6ರಲ್ಲಿ ನೇರವಾಗಿ ತೆಗೆದೆವು. ನಾಲ್ಕೂ ಮೂಲೆಯ ಅಕ್ಷರ ಒಂದೇ ಥರ ಕಾಣಬೇಕು. ಒಂದು ಮೂಲೆ ಮಾತ್ರ ಮಸುಕಾದರೆ ಒಳಗಿನ ಗಾಜು ಜರುಗಿದೆ, ಬಹುಶಃ ಬಿದ್ದ ಲೆನ್ಸ್ ಅಂತ ಅರ್ಥ. ಎಸ್‌ಟಿಎಂ ಲೆನ್ಸ್‌ನಲ್ಲಿ ಕ್ಯಾಮೆರಾ ಆಫ್ ಇದ್ದಾಗ ಫೋಕಸ್ ರಿಂಗ್ ತಿರುಗಿಸಿದರೂ ಏನೂ ಆಗುವುದಿಲ್ಲ. ಅದು ಕೆಟ್ಟಿಲ್ಲ, ಅದು ಇರುವುದೇ ಹಾಗೆ. ಭಾವ ಅದನ್ನು ನೋಡಿ ಗಾಬರಿಯಾಗಿದ್ದರು. 55-250ಕ್ಕೆ 8,500, 50ಕ್ಕೆ 5,000 ಕೊಟ್ಟೆವು. ಲೆನ್ಸ್ ಮುಂದೆ ಹಾಕುವ ಮರೆಗೆ, ಅಂದರೆ ಹುಡ್‌ಗೆ, 350. ಯುವಿ ಫಿಲ್ಟರ್ ಕೊಳ್ಳಲಿಲ್ಲ. ಅಗ್ಗದ ಫಿಲ್ಟರ್ ರಾತ್ರಿ ದೀಪಗಳ ಮುಂದೆ ಇಲ್ಲದ ಬೆಳಕಿನ ಚುಕ್ಕೆ ತರುತ್ತದೆ, ಹುಡ್ ಆದರೆ ಜಿನುಗು ಮಳೆಯನ್ನೂ ತಡೆಯುತ್ತದೆ.

ಉಳಿದ ದುಡ್ಡಿನಲ್ಲಿ 900 ರೂಪಾಯಿ ಖರ್ಚು ಮಾಡಿದ್ದು ತೇವದ ವಿರುದ್ಧ. ಇದನ್ನು ಯಾರೂ ಬಜೆಟ್‌ಗೆ ಸೇರಿಸುವುದಿಲ್ಲ. ಮಲೆನಾಡಿನವರು ಸೇರಿಸಲೇಬೇಕು ಅನ್ನುವುದು ನನ್ನ ಹಟ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಅಷ್ಟು ಇಲ್ಲದಿದ್ದರೂ ಜೂನ್‌ನಿಂದ ನಾಲ್ಕು ತಿಂಗಳು ಭಾವನ ಮನೆಯ ಗೋಡೆಯೇ ಬೆವರುತ್ತದೆ. ರಬ್ಬರ್ ಅಂಚಿನ, ಗಾಳಿ ಆಡದ ಪ್ಲಾಸ್ಟಿಕ್ ಡಬ್ಬ, ತೇವ ಹೀರುವ ಸಿಲಿಕಾ ಜೆಲ್ ಅರ್ಧ ಕಿಲೋ, ಒಳಗಿನ ತೇವಾಂಶ ತೋರಿಸುವ ಒಂದು ಪುಟ್ಟ ಮೀಟರ್. ಮೀಟರ್ ಶೇಕಡಾ 40ರಿಂದ 50ರ ನಡುವೆ ಇರಬೇಕು. 60 ದಾಟಿದರೆ ಸಿಲಿಕಾ ಜೆಲ್ ಬಣ್ಣವೂ ಬದಲಾಗಿರುತ್ತದೆ, ಹಳೆಯ ತಗಡಿನ ತಟ್ಟೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಒಣಗುತ್ತದೆ. ನೀಲಿ ಬಣ್ಣದ್ದರಲ್ಲಿ ವಿಷದ ಅಂಶ ಇರುತ್ತದೆ, ಅಡುಗೆ ಪಾತ್ರೆ ಬಳಸಬೇಡಿ. ಕ್ಯಾಮೆರಾ ಜೊತೆ ಬಂದ ಬ್ಯಾಗಿನಲ್ಲಿ ಮಳೆಗಾಲ ಪೂರ್ತಿ ಲೆನ್ಸ್ ಇಡುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಬ್ಯಾಗೇ ತೇವ ಹೀರಿಕೊಂಡು ಕೂತಿರುತ್ತದೆ.

ಜುಲೈನಲ್ಲಿ ಮಂಡಗದ್ದೆಗೆ ಇಬ್ಬರೂ ಹೋದೆವು. ನಡುಗಡ್ಡೆಯ ಮರಗಳ ಬುಡ ನೀರಲ್ಲಿ ಮುಳುಗಿತ್ತು, ಮೇಲೆ ಬೆಳ್ಳಕ್ಕಿ, ನೀರುಕಾಗೆ, ಅಲ್ಲೊಂದು ಇಲ್ಲೊಂದು ಹಾವಕ್ಕಿ. ಅಡಿಕೆ ಗೊನೆಗೆ ಕೊಳೆರೋಗ ಬರದಂತೆ ಕಟ್ಟುವ ಪ್ಲಾಸ್ಟಿಕ್ ಕೊಟ್ಟೆಯನ್ನೇ ಭಾವ ಲೆನ್ಸ್‌ಗೆ ತೊಡಿಸಿ ರಬ್ಬರ್ ಬ್ಯಾಂಡ್ ಹಾಕಿಕೊಂಡು ಬಂದಿದ್ದರು. ಅದಕ್ಕಿಂತ ಒಳ್ಳೆಯ ಮಳೆ ಕವರ್ ನಾನು ನೋಡಿಲ್ಲ. ಮೊದಲ ಫೋಟೋಗಳಲ್ಲಿ ಬೆಳ್ಳಕ್ಕಿ ಬಿಳಿ ಕಾಗದ ಕತ್ತರಿಸಿ ಅಂಟಿಸಿದ ಹಾಗೆ ಬಂತು, ಒಂದು ಗರಿಯೂ ಕಾಣದು. ಸುತ್ತ ಕಡು ಹಸಿರು ಇರುವುದರಿಂದ ಕ್ಯಾಮೆರಾ ಇಡೀ ಚಿತ್ರವನ್ನು ಬೆಳಗಿಸಲು ಹೋಗುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಮೈನಸ್ 1ಕ್ಕೆ ಇಟ್ಟು ಚಿತ್ರವನ್ನು ಕಪ್ಪಾಗಿಸಿದ ಮೇಲೆ ಗರಿ ಕಂಡವು. ಕೂತ ಹಕ್ಕಿ 1/125ರಲ್ಲಿ ಸ್ಪಷ್ಟವಾಗಿ ಬಂದವು. ಹಾರುವವು ಒಂದೂ ಬರಲಿಲ್ಲ. 1/1000 ಬೇಕಿತ್ತು, ಬೆಳಕು ಇರಲಿಲ್ಲ. ಅದು ಈ ಲೆನ್ಸ್‌ನ ಮಿತಿ, ಒಪ್ಪಿಕೊಂಡೆವು. ಆದರೆ ಗೂಡಿನಲ್ಲಿ ಕಡ್ಡಿ ಜೋಡಿಸುತ್ತಿದ್ದ ನೀರುಕಾಗೆಯ ಒಂದು ಚಿತ್ರ ಭಾವನ ಮನೆಯ ಜಗಲಿಯಲ್ಲಿ ಈಗ ಫ್ರೇಮ್ ಆಗಿ ನೇತಾಡುತ್ತಿದೆ.

ಕಪ್ಪೆ ನಾವು ಎಣಿಸಿದಷ್ಟು ಸುಲಭವಾಗಿರಲಿಲ್ಲ. ಅಷ್ಟು ಹತ್ತಿರದಲ್ಲಿ ಎಫ್/5.6 ಇಟ್ಟರೆ ಸ್ಪಷ್ಟವಾಗಿ ಬರುವ ಆಳ ಮೂರು ಮಿಲಿಮೀಟರ್ ಮಾತ್ರ. ಕಣ್ಣು ಬಂದರೆ ಮೂಗಿಲ್ಲ. ಎಫ್/11ಕ್ಕೆ ಇಟ್ಟು, ಕೊಡೆಯ ಕೋಲಿಗೆ ಕ್ಯಾಮೆರಾ ಆನಿಸಿ, ಟಾರ್ಚ್‌ಗೆ ಬಟರ್ ಪೇಪರ್ ಸುತ್ತಿ ಪಕ್ಕದಿಂದ ಬೆಳಕು ಬಿಟ್ಟಾಗ ಬಂತು. ಅಕ್ಕನೇ ಟಾರ್ಚ್ ಹಿಡಿದಳು. ಕಾಲ್ಬೆರಳ ನಡುವಿನ ಕೆಂಪು ಪೊರೆ ನೋಡಿ "ಇದು ನಮ್ಮ ತೋಟದ್ದೇನಾ?" ಅಂತ ಎರಡು ಸಲ ಕೇಳಿದಳು.

ಡಿಸೆಂಬರ್‌ನಲ್ಲಿ ಆಟ ಶುರುವಾಯಿತು. 50 ಎಂಎಂನಲ್ಲಿ ಮೊದಲ ರಾತ್ರಿಯೇ ನಿಂತ ವೇಷ, ಕುಣಿಯುವ ವೇಷ ಎರಡೂ ಸಿಕ್ಕವು. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವವರನ್ನು ತೆಗೆದ ಚಿತ್ರಗಳಲ್ಲಿ ಮಾತ್ರ ಕಣ್ಣು ಸ್ಪಷ್ಟ, ಕಿವಿಯ ಆಭರಣ ಮಸುಕು. ಆರು ಮೀಟರ್ ದೂರದಲ್ಲಿ ಎಫ್/1.8 ಒಂದು ಮೀಟರ್ ಆಳ ಹಿಡಿಯುತ್ತದೆ, ಎರಡು ಮೀಟರ್‌ನಲ್ಲಿ ಅದು ಹನ್ನೊಂದು ಸೆಂಟಿಮೀಟರ್‌ಗೆ ಇಳಿಯುತ್ತದೆ. ಚೌಕಿಯಲ್ಲಿ ಎಫ್/2.8 ಸಾಕು ಅಂತ ಆಮೇಲೆ ಕಂಡುಕೊಂಡರು. ಇನ್ನೊಂದು ತೊಂದರೆ ಬಂದದ್ದು ರಂಗಸ್ಥಳದ ಎಲ್‌ಇಡಿ ದೀಪಗಳಿಂದ. 1/250 ಇಟ್ಟಾಗ ಚಿತ್ರದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ. ನಮ್ಮ ಕರೆಂಟ್ 50 ಹರ್ಟ್ಜ್, ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. 1/100ಕ್ಕೆ ಇಳಿಸಿದರೆ ಪಟ್ಟೆ ಹೋಗುತ್ತದೆ. ಗಿರಕಿ ಹೊಡೆಯುವ ವೇಗದ ಧೀಂಗಿಣದಲ್ಲಿ ಕೈ ಸ್ವಲ್ಪ ಕದಡುತ್ತದೆ, ಮುಖ ನಿಲ್ಲುತ್ತದೆ. ನನಗೆ ಅದೇ ಇಷ್ಟ, ಕುಣಿತ ಕುಣಿತದ ಹಾಗೆ ಕಾಣುತ್ತದೆ.

ಒಟ್ಟು ಖರ್ಚು 14,750. ಡಬ್ಬದ ಮೀಟರ್ ಮೊನ್ನೆ ನೋಡಿದಾಗ 46 ತೋರಿಸುತ್ತಿತ್ತು. ಟಾರ್ಚ್ ಬಿಟ್ಟು ಎರಡೂ ಲೆನ್ಸ್ ಮತ್ತೆ ನೋಡಿದೆ, ಶುಭ್ರವಾಗಿವೆ. ಈಗ ಭಾವ ಗುಡವಿ ಪಕ್ಷಿಧಾಮಕ್ಕೆ ಹೋಗಿ ಬಂದವರ ಫೋಟೋ ನೋಡಿ 600 ಎಂಎಂ ಮಾತೆತ್ತಿದ್ದಾರೆ. ಅದಕ್ಕೆ ಮೊದಲು ಅವರ ಫೋಟೋಗಳನ್ನೆಲ್ಲ ಮತ್ತೆ ಕಂಪ್ಯೂಟರ್‌ಗೆ ಹಾಕಿ ನೋಡೋಣ ಅಂದಿದ್ದೇನೆ. ಬರುವ ಭಾನುವಾರ ಬರುತ್ತಾರೆ.